ಅಪ್ಪ ನೆಲ ಮುಟ್ಟದ ಕೊರಿಯಾ

ಹೊರಟ ಊರು: ಭದ್ರಾವತಿ

ನಾನು ಕೊರಿಯಾಕ್ಕೆ ಹೋದದ್ದು ಬಣ್ಣದ ಡಬ್ಬಿಗಳ ದೆಸೆಯಿಂದ. ನನ್ನ ತಮ್ಮ ರುದ್ರೇಶ ಭದ್ರಾವತಿಯಲ್ಲಿ ಪೇಂಟು, ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ಆಗಾಗ ಗಂಡಹೆಂಡಿರ ಸಮೇತ ವಿದೇಶಕ್ಕೆ ಕರೆದೊಯ್ಯುತ್ತಾರೆ. ಈ ಸಲದ ಊರು ಸೋಲ್. ಅವನ ಹೆಂಡತಿ ಗಿರಿಜ ಕೇಳಿದ ಕೂಡಲೇ ತಲೆಯಾಡಿಸಿದಳು. "ಹೆಸರೇ ಸೋಲ್ ಅಂತಿದೆ. ನನ್ನ ಮಂಡಿ ಇಟ್ಕೊಂಡು ಅಷ್ಟು ದೂರ ವಿಮಾನದಲ್ಲಿ ಕೂರಕ್ಕೆ ನನ್ ಕೈಲಾಗಲ್ಲ. ಅಕ್ಕನ್ನ ಕರ್ಕೊಂಡು ಹೋಗಿ" ಎಂದಳು. ಹಾಗೆ ಆ ಸೀಟು ನನ್ನ ಪಾಲಿಗೆ ಬಂತು.

ಬೇರೆ ಯಾವ ದೇಶವಾಗಿದ್ದರೂ ನಾನು ಬರುವುದಿಲ್ಲ ಎನ್ನುತ್ತಿದ್ದೆನೋ ಏನೋ. ಆದರೆ ಕೊರಿಯಾ ಎಂಬ ಹೆಸರು ನಮ್ಮ ಮನೆಯಲ್ಲಿ ಕುಂಸಿ, ತರೀಕೆರೆಗಳ ಹಾಗೆ ಓಡಾಡಿಕೊಂಡಿದ್ದ ಹೆಸರು. ನಮ್ಮಪ್ಪ ಇಪ್ಪತ್ತು ದಾಟಿದ ಹೊಸದರಲ್ಲೇ ಸೈನ್ಯ ಸೇರಿದವರು. ಕೊರಿಯಾದಲ್ಲಿ ಯುದ್ಧ ನಿಂತಾಗ, ಸೆರೆಸಿಕ್ಕ ಸೈನಿಕರಲ್ಲಿ ಎಷ್ಟೋ ಜನ ನಾವು ನಮ್ಮೂರಿಗೆ ವಾಪಸು ಹೋಗುವುದಿಲ್ಲ ಎಂದು ಕೂತರು. ಅವರನ್ನು ಎರಡೂ ಕಡೆಯವರು ನಂಬುವ ಮೂರನೆಯವರೊಬ್ಬರು ಕಾಯಬೇಕಾಗಿತ್ತು. ಆ ಕೆಲಸ ಇಂಡಿಯಾದ ಸೈನಿಕರಿಗೆ ಬಿತ್ತು. ಎರಡು ಕೊರಿಯಾಗಳ ನಡುವಿನ ಪಟ್ಟಿಯಲ್ಲಿ ಡೇರೆ ಹೊಡೆದುಕೊಂಡು, ತಂತಿಬೇಲಿಯ ಪಕ್ಕ ನಿಂತು, ಅಪ್ಪ ಒಂದು ಚಳಿಗಾಲ ಕಳೆದಿದ್ದರು. ಆಮೇಲೆ ಸೈನ್ಯ ಬಿಟ್ಟು ಭದ್ರಾವತಿಯಲ್ಲಿ ಕಾರ್ಖಾನೆಯೊಂದರ ಗೇಟಿನಲ್ಲಿ ಕೆಲಸಕ್ಕೆ ನಿಂತರು. ಅಲ್ಲಿ ಅವರಿಗೆ ಬಿದ್ದ ಹೆಸರು ಕೊರಿಯಾ ಮಾದೇವಪ್ಪ.

ನನಗೆ ಆ ಹೆಸರು ಹೆಮ್ಮೆಯದಾಗಿತ್ತು. ರುದ್ರೇಶನಿಗೆ ಅಲ್ಲ. ಕ್ವಾರ್ಟರ್ಸಿನ ಹುಡುಗರಲ್ಲಿ ನಿಜವಾದ ಯುದ್ಧ ಮಾಡಿದವರ ಮಕ್ಕಳೂ ಇದ್ದರು. "ನಿಮ್ಮಪ್ಪ ಗುಂಡು ಹಾರ್ಸಿಲ್ಲ, ಬೇಲಿ ಕಾದಿದ್ದಷ್ಟೇ. ಅಲ್ಲೂ ವಾಚ್‌ಮನ್, ಇಲ್ಲೂ ವಾಚ್‌ಮನ್" ಎಂದು ಅವರು ರೇಗಿಸುತ್ತಿದ್ದರು. ಅವನು ಅಂಗಿ ಹರಿದುಕೊಂಡು, ಮೂಗಲ್ಲಿ ರಕ್ತ ಸುರಿಸಿಕೊಂಡು ಮನೆಗೆ ಬಂದ ಸಂಜೆಗಳು ನನಗೆ ನೆನಪಿವೆ. ಕೊನೆಕೊನೆಗೆ ಅಪ್ಪ ಕೊರಿಯಾ ಎಂದು ಬಾಯಿ ತೆರೆದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೂ ಆ ಮಾತು ಬಂದರೆ ಅವನು ಫೋನು ನೋಡುತ್ತಿದ್ದ.

ಹೊರಡುವ ದಿನ ಅವನೇ ಹೇಳಿದ. "ಶಾಪಿಂಗ್ ಮಾಡ್ಸೋ ದಿನ ಒಂದಿದೆ ಅಕ್ಕ. ಅವತ್ತು ನಾವಿಬ್ರೂ ತಪ್ಪಿಸ್ಕೊಂಡು ಗಡಿ ಹತ್ರ ಹೋಗಾಣ. ಅಪ್ಪ ಅಲ್ಲಿ ಅಂಥದ್ದೇನು ಮಾಡಿದ್ರು ಅಂತ ಒಂದ್ಸಲ ನೋಡೇಬಿಡಾಣ." ದನಿಯಲ್ಲಿ ಪ್ರೀತಿಗಿಂತ ತಗಾದೆ ಹೆಚ್ಚಾಗಿತ್ತು. ಅವ್ವ ಇರುವುದು ಅವನ ಮನೆಯಲ್ಲೇ. ಬಾಗಿಲಲ್ಲಿ ನಿಂತು, "ಅಲ್ಲಿ ಚಳಿ ಜಾಸ್ತಿಯಂತೆ, ಕಿವಿಗೆ ಕಟ್ಕೊಳಿ" ಎಂದಳು.

ಸೋಲ್

ಕಂಪನಿಯವರು ನಮ್ಮಿಬ್ಬರನ್ನೂ ಗಂಡಹೆಂಡಿರೆಂದೇ ಬರೆದುಕೊಂಡಿದ್ದರು. ಹೋಟೆಲಿನ ಕೋಣೆಯ ಬಾಗಿಲು ತೆಗೆದರೆ ಒಂದೇ ದೊಡ್ಡ ಮಂಚ. ಅದರ ಮೇಲೆ ಟವೆಲ್ಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ರುದ್ರೇಶ ಕಿವಿಯವರೆಗೂ ಕೆಂಪಾದ. ಕೆಳಗೆ ಓಡಿಹೋಗಿ ಅವನಿಗೆ ಬರುವ ಇಂಗ್ಲಿಷಿನಲ್ಲಿ, "ಷಿ ಈಸ್ ಮೈ ಸಿಸ್ಟರ್, ಓನ್ ಸಿಸ್ಟರ್" ಎಂದು ಅಷ್ಟು ಜೋರಾಗಿ ಹೇಳಿದನೆಂದರೆ, ಲಾಬಿಯಲ್ಲಿದ್ದ ದಾವಣಗೆರೆಯ ಡೀಲರುಗಳೆಲ್ಲ ತಿರುಗಿ ನೋಡಿದರು. ಕೌಂಟರಿನ ಹುಡುಗಿ ಸೊಂಟ ಬಗ್ಗಿಸಿ ನಮಸ್ಕರಿಸಿದಳು, ಕ್ಷಮೆ ಕೇಳಿದಳು, ಮತ್ತೆ ನಮಸ್ಕರಿಸಿದಳು. ಎರಡು ಮಂಚದ ಕೋಣೆ ಸಿಕ್ಕಿತು. ಅಲ್ಲಿ ಹಂಸಗಳಿರಲಿಲ್ಲ.

ಊಟದ್ದು ಇನ್ನೊಂದು ಕಥೆ. ಗಿರಿಜ ಕಟ್ಟಿಕೊಟ್ಟಿದ್ದ ಅವಲಕ್ಕಿ, ಚಟ್ನಿಪುಡಿ ನಮ್ಮ ಕೈಚೀಲದಲ್ಲಿದ್ದವು. ಆದರೆ ಪ್ರತಿ ಊಟಕ್ಕೂ ಆ ಜನ ತಂದಿಡುವ, ಖಾರ ಹಚ್ಚಿದ ಕೆಂಪು ಎಲೆಕೋಸು ರುದ್ರೇಶನ ಮನಸ್ಸಿಗೆ ಹಿಡಿದುಬಿಟ್ಟಿತು. "ಉಪ್ಪಿನಕಾಯಿ ಅಂದ್ರೆ ಹಿಂಗಿರಬೇಕು ಅಕ್ಕ, ನಮ್ಮೋರು ಕಲೀಬೇಕು" ಎಂದು ಅನ್ನದ ಜೊತೆ ಬಟ್ಟಲುಗಟ್ಟಲೆ ತಿಂದ. ಅದನ್ನು ಹುಳಿ ಬರಿಸುವಾಗ ಉಪ್ಪಲ್ಲಿ ಊರಿಸಿದ ಸಿಗಡಿ ಹಾಕುತ್ತಾರೆಂದು ನಮ್ಮ ಗುಂಪಿನ ಮೇಲ್ವಿಚಾರಕ ಎರಡನೆಯ ದಿನ ಹೇಳಿದ. ರುದ್ರೇಶ ಜನ್ಮಕ್ಕೆ ಮೊಟ್ಟೆ ಮುಟ್ಟಿದವನಲ್ಲ. ಹೋಗಿ ಬಾಯಿ ಮುಕ್ಕಳಿಸಿ ಬಂದ. ಆಮೇಲೆ ಸಣ್ಣ ದನಿಯಲ್ಲಿ, "ಗಿರಿಜಂಗೆ ಹೇಳ್ಬೇಡ ಮಾರಾಯ್ತಿ" ಎಂದ.

ಸೋಲಿನ ಮೆಟ್ರೊದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಮ್ಮೂರ ಬಸ್ಸಿನಲ್ಲಿ ಶಿವಮೊಗ್ಗ ಬಿಟ್ಟು ಭದ್ರಾವತಿ ಮುಟ್ಟುವುದರೊಳಗೆ ಪಕ್ಕದವರ ಮಗಳ ಮದುವೆ, ಸಕ್ಕರೆ ಕಾಯಿಲೆ, ತಮ್ಮನ ಜೊತೆಗಿನ ಜಗಳ ಎಲ್ಲ ತಿಳಿದಿರುತ್ತದೆ. ಇಲ್ಲಿ ಎಲ್ಲರೂ ಮಡಿಯಲ್ಲಿರುವವರ ಹಾಗೆ ಮುಟ್ಟದೆ, ನೋಡದೆ ಕೂತಿದ್ದರು. ಆದರೆ ನಾನು ಮೆಟ್ಟಿಲ ಬಳಿ ಏದುಸಿರು ಬಿಡುತ್ತ ನಿಂತಾಗ, ಸೂಟು ಹಾಕಿದ್ದ ಯುವಕನೊಬ್ಬ ಒಂದು ಮಾತೂ ಆಡದೆ ನನ್ನ ಚೀಲ ಎತ್ತಿಕೊಂಡು ಮೇಲೆ ಇಟ್ಟು, ತಲೆಬಾಗಿ ಹೊರಟುಹೋದ. ಮಾತಿಲ್ಲದ ಊರಿನಲ್ಲಿ ಮನುಷ್ಯರಿಲ್ಲ ಎಂದುಕೊಂಡದ್ದು ನನ್ನ ತಪ್ಪು ಲೆಕ್ಕ.

ತಪಾಸಣೆಯ ಬಾಗಿಲು

ಶಾಪಿಂಗಿನ ದಿನ ನಾವು ತಪ್ಪಿಸಿಕೊಂಡೆವು. ಗಡಿಯ ಕಡೆ ಪ್ರವಾಸಿಗಳನ್ನು ಕರೆದೊಯ್ಯುವ ಸಣ್ಣ ಬಸ್ಸೊಂದರಲ್ಲಿ ಜಾಗ ಸಿಕ್ಕಿತು. ನಮ್ಮ ಮಾರ್ಗದರ್ಶಿಯ ಹೆಸರು ಮಿನ್‌ಹೊ. ಮೂವತ್ತರ ಆಸುಪಾಸಿನವನು, ತೆಳ್ಳಗೆ, ನಗುವಾಗ ಕಣ್ಣು ಮುಚ್ಚಿಹೋಗುವ ಮುಖ. ಅವನ ಇಂಗ್ಲಿಷು ನಿಧಾನ, ಸ್ಪಷ್ಟ. ಹಾಗಾಗಿ ನನಗೆ ಸಲೀಸಾಯಿತು. ನಾನು ರುದ್ರೇಶನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ.

ನಗರ ದಾಟಿದ ಮೇಲೆ ರಸ್ತೆ ನದಿಯ ಗುಂಟ ಸಾಗುತ್ತದೆ. ಆದರೆ ನದಿಗೂ ರಸ್ತೆಗೂ ನಡುವೆ ಉದ್ದಕ್ಕೂ ಮುಳ್ಳುತಂತಿ, ಅಲ್ಲಲ್ಲಿ ಕಾವಲು ಗೂಡು. ನನಗೆ ಸಕ್ರೆಬೈಲಿನ ತುಂಗೆ ನೆನಪಾದಳು. ಅಲ್ಲಿ ಬೆಳಿಗ್ಗೆ ಆನೆಗಳು ನೀರಿಗಿಳಿದರೆ ಮಾವುತ, ಮಕ್ಕಳು, ನೋಡಲು ಬಂದವರು ಎಲ್ಲ ಒಟ್ಟಿಗೇ ಒದ್ದೆಯಾಗುತ್ತಾರೆ. ಕಾಲಿಡಲಾಗದ ಹೊಳೆಯನ್ನು ನಾನು ನೋಡಿದ್ದು ಇದೇ ಮೊದಲು.

ಒಂದು ಕಡೆ ಬಸ್ಸಿಳಿದು ತಪಾಸಣೆಯ ಬಾಗಿಲು ದಾಟಬೇಕಿತ್ತು. ರುದ್ರೇಶ ದಾಟಿದ ಕೂಡಲೇ ಯಂತ್ರ ಕೂಗಿತು. ಬೆಲ್ಟು ತೆಗೆದ, ಮತ್ತೆ ಕೂಗಿತು. ಹಾಲುಗಲ್ಲದ ಸೈನಿಕನೊಬ್ಬ ಕೈಯಲ್ಲಿದ್ದ ಸಾಧನವನ್ನು ಅವನ ಎದೆಯ ಬಳಿ ತಂದ. ಅಂಗಿಯ ಒಳಗೆ ಬೆಳ್ಳಿ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಬೆಳ್ಳಿಯ ಸಂಪುಟವನ್ನು ರುದ್ರೇಶ ಕೊರಳಿಂದ ತೆಗೆಯುವವನಲ್ಲ, ಇನ್ನೊಬ್ಬರ ಕೈಗೆ ಕೊಡುವವನಂತೂ ಅಲ್ಲವೇ ಅಲ್ಲ. ನಮ್ಮ ಕಡೆಯ ವಿಮಾನ ನಿಲ್ದಾಣದಲ್ಲಿ ಅದೇನೆಂದು ಬಲ್ಲವರು ಮುಟ್ಟದೆ ಬಿಟ್ಟಿದ್ದರು.

ಸೈನಿಕ ಕೈ ಚಾಚಿದ. ರುದ್ರೇಶ ಎರಡು ಹೆಜ್ಜೆ ಹಿಂದೆ ಸರಿದು ಎದೆಗೆ ಅಂಗೈ ಒತ್ತಿಕೊಂಡ.

"ಮುಟ್ಬೇಡ ಅಂತ ಹೇಳಕ್ಕ ಅವಂಗೆ. ನಾನು ವಾಪಸ್ ಹೋಗ್ತೀನಿ ಬೇಕಾದ್ರೆ, ಇದನ್ನ ಮಾತ್ರ ಕೊಡಲ್ಲ."

ಸೈನಿಕನ ಮುಖ ಬಿಗಿಯಿತು. ಎದೆ ಮುಚ್ಚಿಕೊಂಡು ಹಿಂದೆ ಸರಿಯುವ ಪರದೇಶಿ ಅವನಿಗೆ ಹೇಗೆ ಕಂಡಿರಬೇಡ! ಇನ್ನೊಬ್ಬ ಸೈನಿಕ ಬಂದ. ನಮ್ಮ ಹಿಂದಿನ ಸಾಲು ನಿಂತುಬಿಟ್ಟಿತು. ಇದು ನಮ್ಮ ದೇವರು ಎಂದು ನಾನು ಮಿನ್‌ಹೊಗೆ ಹೇಳಿದೆ. ದೇವರನ್ನು ಕೊರಳಲ್ಲಿ ಕಟ್ಟಿಕೊಳ್ಳುವ ವಿಷಯವನ್ನು ಅಷ್ಟು ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸುವುದು ನನ್ನ ಕೈಲಾಗಲಿಲ್ಲ.

ಮಿನ್‌ಹೊ ಸೈನಿಕನ ಜೊತೆ ಮೆಲ್ಲಗೆ ಮಾತಾಡಿದ. ಆಮೇಲೆ ನಮ್ಮ ಕಡೆ ತಿರುಗಿದ.

"ಅವನು ಮುಟ್ಟುವುದಿಲ್ಲ. ನಿಮ್ಮ ತಮ್ಮ ಅಲ್ಲಿಯೇ ನಿಂತು, ತಾವೇ ತೆರೆದು ತೋರಿಸಲಿ. ಅವನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾನೆ. ಇಬ್ಬರಿಗೂ ಒಪ್ಪಿಗೆಯೇ?"

ರುದ್ರೇಶ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಸೈನಿಕ ನಿಜಕ್ಕೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ರುದ್ರೇಶ ಗೋಡೆಯ ಕಡೆ ತುಸು ತಿರುಗಿ, ಕಣ್ಣಿಗೆ ಒತ್ತಿಕೊಂಡು, ಕರಡಿಗೆಯ ಮುಚ್ಚಳ ತೆಗೆದ. ಸೈನಿಕ ಕತ್ತು ಮುಂದೆ ಚಾಚಿ ಒಳಗಿನ ಕಪ್ಪು ಲಿಂಗವನ್ನು ನೋಡಿದ. ನೋಡಿದವನೇ ಸೊಂಟ ಬಗ್ಗಿಸಿದ. ರುದ್ರೇಶನಿಗೋ, ಲಿಂಗಕ್ಕೋ, ನನಗೆ ಇವತ್ತಿಗೂ ತಿಳಿಯದು. ರುದ್ರೇಶನೂ ಗೊತ್ತಿಲ್ಲದೆ ಬಗ್ಗಿದ. ಸಾಲು ಮುಂದೆ ಸರಿಯಿತು.

ವೀಕ್ಷಣಾ ಗೋಪುರ

ಗುಡ್ಡದ ತುದಿಯ ಗೋಪುರದಿಂದ ಉತ್ತರ ಕೊರಿಯಾ ಕಾಣುತ್ತದೆ. ಬೋಳು ಬೆಟ್ಟಗಳು, ಒಂದು ಹಳ್ಳಿ, ಬಲು ಎತ್ತರದ ಬಾವುಟ. ಇತ್ತ ಕಡೆಗೂ ಅತ್ತ ಕಡೆಗೂ ನಡುವೆ ಕಾಡು. ಮನುಷ್ಯರು ಕಾಲಿಡದೆ ಬಿಟ್ಟದ್ದರಿಂದ ಬೆಳೆದುಕೊಂಡ ಕಾಡು, ಮಣ್ಣಿನಡಿ ಸಿಡಿಮದ್ದು ಹುದುಗಿರುವ ಕಾಡು. ಆ ಪಟ್ಟಿಯಲ್ಲೇ ಎಲ್ಲೋ ಅಪ್ಪನ ಡೇರೆ ಇತ್ತು. ಇಂಡಿಯಾದ ಸೈನಿಕರಿದ್ದ ಜಾಗಕ್ಕೆ ಹಿಂದ್ ನಗರ ಎಂದು ಹೆಸರಿತ್ತಂತೆ. ನಾನು ದುರ್ಬೀನಿನಲ್ಲಿ ಅತ್ತಿಂದಿತ್ತ ಹುಡುಕಿದೆ. ಹಳದಿಗೆ ತಿರುಗಿದ ಮರಗಳು, ಒಂದು ಕೊಕ್ಕರೆ, ಅಷ್ಟೇ. ಇನ್ನೇನು ಕಾಣುತ್ತದೆಂದು ಅಷ್ಟು ದೂರದಿಂದ ಬಂದೆನೋ.

"ನೋಡಿದ್ಯ? ಏನೂ ಇಲ್ಲ" ಎಂದ ರುದ್ರೇಶ.

ನಾನು ಮಿನ್‌ಹೊನನ್ನು ಕೇಳಿದೆ, ಮುಟ್ಟದೆ ನೋಡುವ ಉಪಾಯ ನಿನಗೆ ಹೇಗೆ ಹೊಳೆಯಿತು ಎಂದು. ಅವನು ಕಾಡಿನ ಕಡೆ ಕೈ ತೋರಿಸಿದ. "ಅಲ್ಲಿ ಕಲಿತದ್ದು."

ಕೆಲವು ವರ್ಷಗಳ ಹಿಂದೆ ಎರಡೂ ಕೊರಿಯಾಗಳು ಒಂದು ಒಪ್ಪಂದ ಮಾಡಿಕೊಂಡಿದ್ದವು. ಪರಸ್ಪರ ಎದುರಿಗಿದ್ದ ಕೆಲವು ಕಾವಲು ಠಾಣೆಗಳನ್ನು ಇಬ್ಬರೂ ಕೆಡವಬೇಕು. ನಿಜವಾಗಿಯೂ ಕೆಡವಿದ್ದಾರೋ ಇಲ್ಲವೋ ಎಂದು ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ನೋಡಬೇಕು. ಮಿನ್‌ಹೊ ಆಗ ಸೈನ್ಯದಲ್ಲಿದ್ದ. ಹಾಗೆ ನೋಡಲು ಹೋದ ತಂಡವೊಂದರಲ್ಲಿ ಅವನದು ಕ್ಯಾಮೆರಾ ಹಿಡಿಯುವ ಕೆಲಸ.

"ಹಿಮ ಬಿದ್ದಿತ್ತು. ಕಾಡಿನ ನಡುವೆ ಹೊಸದಾಗಿ ಕಡಿದ ಕಾಲುದಾರಿ. ಗಡಿಯ ಗೆರೆ ಇರುವಲ್ಲಿ ಹಳದಿ ಬಾವುಟ. ಆ ಕಡೆ ಅವರು ನಿಂತಿದ್ದರು. ನಮ್ಮ ಅಧಿಕಾರಿ, ಅವರ ಅಧಿಕಾರಿ ಕೈ ಕುಲುಕಿದರು. ನಾನು ಅದನ್ನು ಚಿತ್ರಿಸಿದೆ. ಅವರ ಕಡೆಯೂ ಒಬ್ಬ ಕ್ಯಾಮೆರಾದವನಿದ್ದ, ನನ್ನ ವಯಸ್ಸಿನವನೇ. ಅವನು ನಮ್ಮನ್ನು ಚಿತ್ರಿಸುತ್ತಿದ್ದ. ಏನನ್ನಾದರೂ ಮುಟ್ಟಬೇಕೆಂದರೆ ಕೇಳಬೇಕು. ಅವರು ತೋರಿಸಿದರೆ ನೋಡಬೇಕು. ಹಾಗೆ ಗೋಡೆ ಬಿದ್ದ ಜಾಗವನ್ನೆಲ್ಲ ಸುತ್ತಿದೆವು."

"ಆಮೇಲೆ?"

"ಚಳಿಗೆ ನನ್ನ ಕ್ಯಾಮೆರಾದ ಬ್ಯಾಟರಿ ಸತ್ತಿತು. ಇನ್ನೊಂದನ್ನು ಬೆಚ್ಚಗಿರಲಿ ಎಂದು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕೋಟಿನೊಳಗೆ ಕೈ ಹಾಕಿದೆ. ಅವರೆಲ್ಲ ಒಂದು ಕ್ಷಣ ಗಟ್ಟಿಯಾಗಿ ನಿಂತುಬಿಟ್ಟರು. ನಾನು ಏನು ಹೊರತೆಗೆಯುತ್ತೇನೋ ಎಂದು. ಆಗ ಆ ಹುಡುಗ ಮೆಲ್ಲಗೆ ತನ್ನ ಕೋಟಿನ ಗುಂಡಿ ಬಿಚ್ಚಿ, ತನ್ನ ಕಂಕುಳಿನಿಂದಲೂ ಒಂದು ಬ್ಯಾಟರಿ ತೆಗೆದು ತೋರಿಸಿದ. ನನಗೆ ನಗು ಬಂತು. ಅವನಿಗೂ ಬಂತು. ಇಬ್ಬರ ಕ್ಯಾಮೆರಾವೂ ಅಲ್ಲಾಡಿತು. ಆ ಭಾಗವನ್ನು ಯಾರೂ ಟಿವಿಯಲ್ಲಿ ತೋರಿಸಲಿಲ್ಲ."

ನಾನು ಶಿವಮೊಗ್ಗದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ದೇಶ ದೇಶಗಳ ನಡುವಿನ ವಿಶ್ವಾಸ ವರ್ಧಕ ಕ್ರಮಗಳು ಎಂಬ ಪಾಠವನ್ನು ಊಟದ ನಂತರದ ಪೀರಿಯಡ್ಡಿನಲ್ಲಿ ಎಷ್ಟು ಸಲ ಬರೆಸಿದ್ದೆನೋ. ಸೇನಾ ಕವಾಯತನ್ನು ಮೊದಲೇ ತಿಳಿಸುವುದು, ಪರಸ್ಪರ ವೀಕ್ಷಣೆ, ನೇರ ದೂರವಾಣಿ ಸಂಪರ್ಕ ಎಂದು ನಾನು ಓದುತ್ತಿದ್ದೆ. ಮಕ್ಕಳು ಆಕಳಿಸುತ್ತ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಕಂಕುಳ ಬ್ಯಾಟರಿ ಎಲ್ಲೂ ಇರಲಿಲ್ಲ.

"ಈಗ ಆ ಠಾಣೆಗಳು?" ಎಂದು ಕೇಳಿದೆ.

"ಒಪ್ಪಂದ ಮುರಿದುಬಿತ್ತು. ಅವರು ಮತ್ತೆ ಕಟ್ಟಿದರು. ಗಡಿಯಲ್ಲಿ ಒಂದು ಟೆಲಿಫೋನಿದೆ, ನಮ್ಮವರು ಈಗಲೂ ದಿನಾ ಅದರಲ್ಲಿ ಕರೆ ಮಾಡುತ್ತಾರೆ. ಆ ಕಡೆಯವರು ಎತ್ತುವುದಿಲ್ಲ. ಆದರೂ ಮಾಡುತ್ತಾರೆ."

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ರುದ್ರೇಶ ಕಾಡಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. "ಗೇಟಲ್ಲಿ ಅಪ್ಪನೂ ಹಂಗೇ ಮಾಡ್ತಿದ್ರು, ನೆನಪಿದ್ಯಾ? ಡ್ಯೂಟಿಗೆ ಹೋದ ತಕ್ಷಣ ಆ ಕರೀ ಫೋನಲ್ಲಿ ಹಿಂದಿನ ಗೇಟಿಗೆ ಮಾಡೋರು. ಇದ್ದೀರಾ? ಅನ್ನೋರು. ಆ ಕಡೆ ಸುಬ್ಬರಾಯುಡು, ಇದ್ದೀನಿ ಅನ್ನಕ್ಕೆ ಅವನ ತೆಲುಗಲ್ಲಿ, ಉನ್ನಾನು ಸ್ವಾಮಿ ಅನ್ನೋನು. ಅಷ್ಟೇ ಮಾತು. ಇಟ್ಬಿಡೋರು."

ನನಗೂ ನೆನಪಾಯಿತು. ಬುತ್ತಿ ಕೊಡಲು ಹೋದಾಗ ನೋಡುತ್ತಿದ್ದೆವು. ಕಬ್ಬಿಣದ ಧೂಳಿನ ವಾಸನೆ, ಪಾಳಿ ಬದಲಾಗುವ ಸೈರನ್ನು, ಗೇಟಿನಿಂದ ಒಟ್ಟಿಗೇ ಹೊರಬೀಳುವ ಕನ್ನಡ, ತಮಿಳು, ತೆಲುಗು. ರುದ್ರೇಶ ಅಪ್ಪನ ಬಗ್ಗೆ ತಾನಾಗಿ ಮಾತೆತ್ತಿದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಮುನ್ಸಾನ್

ನಮ್ಮಪ್ಪ ಇದೇ ಪಟ್ಟಿಯಲ್ಲಿ ಕೈದಿಗಳನ್ನು ಕಾದಿದ್ದರು ಎಂದು ತಿಳಿದಾಗ ಮಿನ್‌ಹೊ ಬಾಯಿ ಬಿಟ್ಟುಕೊಂಡು ನಿಂತ. ಅವನ ತಾತ ಗಡಿಯ ಹತ್ತಿರದ ಮುನ್ಸಾನ್ ಎಂಬ ಪಟ್ಟಣದಲ್ಲೇ ಹುಟ್ಟಿ ಬೆಳೆದವರು, ಆ ವರ್ಷ ಶಾಲೆಯ ಹುಡುಗ. "ಬಸ್ಸನ್ನು ನನ್ನ ಗೆಳೆಯ ಸೋಲ್‌ಗೆ ಒಯ್ಯುತ್ತಾನೆ. ನೀವು ನಮ್ಮ ಮನೆಗೆ ಬನ್ನಿ. ತಾತನಿಗೆ ಬಹಳ ಸಂತೋಷವಾಗುತ್ತದೆ" ಎಂದ.

ಮನೆ ಚಿಕ್ಕದು. ಅಂಗಳದಲ್ಲಿ ಸಿಪ್ಪೆ ಸುಲಿದ ಕೆಂಪು ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಒಣಗಲು ತೂಗುಬಿಟ್ಟಿದ್ದರು, ನಮ್ಮಲ್ಲಿ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ ಹಾಗೆ. ತಾತನಿಗೆ ತೊಂಬತ್ತರ ಹತ್ತಿರ ವಯಸ್ಸು. ಜೀವಮಾನವೆಲ್ಲ ಸೈಕಲ್ ರಿಪೇರಿ ಮಾಡಿದ ಬೆರಳುಗಳು ಇನ್ನೂ ನಟ್ಟು ಬಿಗಿದ ಹಾಗೆ ಗಟ್ಟಿಯಾಗಿದ್ದವು. ತರಕಾರಿ ಮಾತ್ರ ಎಂದು ಮಿನ್‌ಹೊ ಮೊದಲೇ ಫೋನಿನಲ್ಲಿ ಹೇಳಿದ್ದ. ಸಿಹಿಗೆಣಸು, ಅನ್ನ, ಹುರಿದ ಸೊಪ್ಪು ನೆಲದ ಮೇಲಿನ ಗಿಡ್ಡ ಮೇಜಿಗೆ ಬಂದವು.

ತಾತನಿಗೆ ಕೊರಿಯನ್ ಬಿಟ್ಟು ಬೇರೆ ಭಾಷೆ ಬಾರದು. ಅವರು ಹೇಳಿದ್ದನ್ನು ಮಿನ್‌ಹೊ ನನಗೆ ಇಂಗ್ಲಿಷಿನಲ್ಲಿ, ನಾನು ರುದ್ರೇಶನಿಗೆ ಕನ್ನಡದಲ್ಲಿ. ನಿಮ್ಮ ತಂದೆ ಇಲ್ಲಿನ ಬಗ್ಗೆ ಏನು ಹೇಳುತ್ತಿದ್ದರು ಎಂದು ತಾತ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ರುದ್ರೇಶನೇ ಶುರುಮಾಡಿದ.

"ಹೆಲಿಕಾಪ್ಟರ್ ಕಥೆ ಹೇಳಕ್ಕ. ನಂಗೆ ಚಿಕ್ಕೋನಿದ್ದಾಗ ಅದೊಂದು ಬಾಳ ಇಷ್ಟ ಇತ್ತು."

ಆ ಕಥೆ ಹೀಗೆ. ಆಗ ಇಲ್ಲಿದ್ದ ಸರ್ಕಾರಕ್ಕೆ ಇಂಡಿಯಾದವರ ಮೇಲೆ ನಂಬಿಕೆ ಇರಲಿಲ್ಲ. ಅವರ ಒಬ್ಬ ಸೈನಿಕನೂ ನಮ್ಮ ನೆಲದ ಮೇಲೆ ಕಾಲಿಡಕೂಡದು ಎಂದು ಹಟ ಹಿಡಿದಿತ್ತು. ಹಾಗಾಗಿ ಬಂದರಿನಿಂದ ಅವರನ್ನೆಲ್ಲ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ನಡುವಿನ ಪಟ್ಟಿಯಲ್ಲಿ ಇಳಿಸಿದರು. ಅಪ್ಪ ಜೀವಮಾನದಲ್ಲಿ ಮೊದಲ ಸಲ ಆಕಾಶಕ್ಕೆ ಏರಿದ್ದು ಅವತ್ತು. ತೆರೆದ ಬಾಗಿಲ ಬಳಿ ಕೂತಿದ್ದರಂತೆ. ಕೆಳಗೆ ಗದ್ದೆಯ ಬಯಲಲ್ಲಿ ನೂರಾರು ಜನ ಸೇರಿ ಮೇಲೆ ನೋಡಿ ಕೈ ಎತ್ತಿ ಎತ್ತಿ ಬೀಸುತ್ತಿದ್ದರಂತೆ. "ನಾನೂ ಬೀಸಿದೆ. ನಮ್ಮನ್ನ ಇಳಿಯಕ್ಕೆ ಬಿಡದ ದೇಶದಲ್ಲೂ ಎಂಥ ಒಳ್ಳೆ ಜನ ಇದ್ರು ನೋಡಿ" ಎಂದು ಅಪ್ಪ ಪ್ರತಿ ಸಲವೂ ಮುಗಿಸುತ್ತಿದ್ದರು.

ಮಿನ್‌ಹೊ ನಗುತ್ತ ತಾತನಿಗೆ ಹೇಳಿದ. ತಾತ ಹಿಡಿದಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಬಹಳ ಹೊತ್ತು ಏನೋ ಹೇಳಿದರು. ಮಿನ್‌ಹೊನ ನಗು ಇಳಿಯಿತು.

"ಏನಂದರು?" ಎಂದು ಕೇಳಿದೆ.

"ಒಳ್ಳೆಯ ಕಥೆ ಎಂದರು."

ಅಷ್ಟು ಉದ್ದದ ಮಾತಿಗೆ ಅಷ್ಟೇ ಅರ್ಥವೆಂದು ನನಗೆ ಅನಿಸಲಿಲ್ಲ. ಮೊಮ್ಮಗ ಮುಚ್ಚಿಟ್ಟದ್ದು ತಾತನಿಗೂ ಗೊತ್ತಾಯಿತು. ಬೆರಳ ಗೆಣ್ಣಿನಿಂದ ಮೇಜನ್ನು ಕುಟ್ಟಿ ಮೊಮ್ಮಗನನ್ನು ನೋಡಿದರು. ಮಿನ್‌ಹೊ ತಲೆ ತಗ್ಗಿಸಿ ಹೇಳಿದ.

"ಅವರು ಕೈ ಬೀಸುತ್ತಿರಲಿಲ್ಲವಂತೆ. ಮುಷ್ಟಿ ಎತ್ತಿ ಬೈಯುತ್ತಿದ್ದರಂತೆ. ಶಾಲೆಯಿಂದ ಮೇಷ್ಟರು ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಹೋಗಿದ್ದರು. ಇಂಡಿಯಾದವರು ಬರುವುದು ನಮ್ಮ ಜನರನ್ನು ಶತ್ರುಗಳಿಗೆ ಒಪ್ಪಿಸಲು ಎಂದು ಹೇಳಿದ್ದರು. ತಾತನ ಅಣ್ಣ ಯುದ್ಧಕ್ಕೆ ಹೋಗಿ ಮರಳಿರಲಿಲ್ಲ. ತಾತ ಕಲ್ಲೂ ಎಸೆದರಂತೆ. ಅಷ್ಟು ಎತ್ತರಕ್ಕೆ ಮುಟ್ಟಲಿಲ್ಲ."

ನಾನು ಇದನ್ನು ಕನ್ನಡಕ್ಕೆ ತರಬೇಕಿತ್ತು. ಮಿನ್‌ಹೊನ ಹಾಗೆ ನನಗೂ ಮುಚ್ಚಿಡುವ ಮನಸ್ಸಾಯಿತು. ಆದರೆ ರುದ್ರೇಶ ನನ್ನ ಮುಖವನ್ನೇ ನೋಡುತ್ತಿದ್ದ. ಹೇಳಿದೆ. ಅವನು ಅನ್ನದ ಬಟ್ಟಲನ್ನು ದೂರ ಸರಿಸಿದ.

ತಾತ ಮುಂದುವರಿಸಿದರು. "ಒಂದು ಹೆಲಿಕಾಪ್ಟರಿನಿಂದ ಒಂದು ಕೈ ಹೊರಬಂದು ನಮ್ಮತ್ತ ಬೀಸಿತು. ನಾವೆಲ್ಲ ತಬ್ಬಿಬ್ಬಾದೆವು. ನನ್ನ ಪಕ್ಕದಲ್ಲಿದ್ದವನು ತಾನೂ ಬೀಸಿಬಿಟ್ಟ. ಮೇಷ್ಟರು ಅವನ ಕೆನ್ನೆಗೆ ಹೊಡೆದರು. ನಾನು ಬೀಸಲಿಲ್ಲ." ರುದ್ರೇಶನ ಕಡೆ ತಿರುಗಿ ಹೇಳಿದರು. "ಅದು ನಿಮ್ಮ ತಂದೆಯೇ ಎಂದು ನಾನು ಹೇಳಲಾರೆ. ಆದರೆ ಸುಳ್ಳು ಹೇಳಿ ನಿಮಗೆ ಊಟ ಹಾಕುವುದು ನನಗೆ ಸರಿ ಕಾಣಲಿಲ್ಲ."

ತಾತ ಎರಡೂ ಕೈಯಲ್ಲಿ ಹೂಜಿ ಹಿಡಿದು ರುದ್ರೇಶನ ಲೋಟಕ್ಕೆ ಬಾರ್ಲಿ ನೀರು ಸುರಿದರು. ಲೋಟ ತುಂಬಿ ಮೇಜಿನ ಮೇಲೂ ಚೆಲ್ಲಿತು. ರುದ್ರೇಶ ಆ ಲೋಟ ಎತ್ತಿಕೊಂಡು ಪೂರ್ತಿ ಕುಡಿದ. ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ. ಹೊರಡುವಾಗ ತಾತ ಒಣಗಿದ ಹಣ್ಣಿನ ಒಂದು ಸರವನ್ನೇ ಬಿಚ್ಚಿ ಅವನ ಕೈಗೆ ಕೊಟ್ಟರು.

ಸೋಲ್‌ಗೆ ವಾಪಸಾಗುವ ರೈಲಿನಲ್ಲಿ, ಯಾರೂ ಗಟ್ಟಿಯಾಗಿ ಮಾತಾಡದ ಆ ರೈಲಿನಲ್ಲಿ, ನನ್ನ ತಮ್ಮ ಗಟ್ಟಿಯಾಗಿಯೇ ಹೇಳಿದ.

"ಸಾಯೋವರೆಗೂ ತಪ್ಪು ತಿಳ್ಕೊಂಡೇ ಇದ್ರಲ್ಲ ಅಕ್ಕ. ಬೈಯೋರ್ನ ನೋಡಿ ಒಳ್ಳೆ ಜನ ಅಂತ ಕೈ ಬೀಸಿದ್ರಲ್ಲ. ಕ್ವಾರ್ಟರ್ಸ್ ಹುಡುಗ್ರಿಗೆ ಇದೊಂದು ಗೊತ್ತಾಗ್ಲಿಲ್ಲ, ಪುಣ್ಯ."

ಅವನ ಕಣ್ಣು ಒದ್ದೆಯಾಗಿತ್ತು. ಸಿಟ್ಟು ಯಾರ ಮೇಲೆ ಎಂದು ಅವನಿಗೂ ತಿಳಿದಿರಲಿಲ್ಲ. ಕೊನೆಗೆ, "ಅವ್ವಂಗೆ ಇದನ್ನ ಹೇಳೋದ್ ಬೇಡ. ಆಕೆಗೂ ಆ ಕಥೆ ಅಂದ್ರೆ ಇಷ್ಟ" ಎಂದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಮತ್ತೆ ಭದ್ರಾವತಿ

ಬಂದ ಮೇಲೆ ನಾನು ಶಿವಮೊಗ್ಗದ ಆಲ್ಕೊಳದಲ್ಲಿರುವ ನನ್ನ ಮನೆಗೆ ಹೋಗಿ, ಬಟ್ಟೆ ಒಗೆದ ಮೇಲೆ ಒಂದು ಭಾನುವಾರ ಭದ್ರಾವತಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೊರಿಯಾದ ಹಣ್ಣನ್ನು ಚೂರು ಮಾಡಿ ಅವಳ ಬಾಯಿಗಿಟ್ಟೆವು. "ಖರ್ಜೂರದ ಹಂಗಿದೆ, ಆದ್ರೆ ಅಷ್ಟು ಸಿಹಿ ಇಲ್ಲ" ಎಂದು ತೀರ್ಪು ಕೊಟ್ಟಳು. ಯಾರು ಕೊಟ್ಟದ್ದು ಎಂದು ಕೇಳಿದಳು. ಮುನ್ಸಾನಿನ ತಾತನ ವಿಷಯ ಬಂತು. ನಾನು ಜಾಗ್ರತೆಯಿಂದ ಸುತ್ತಿ ಬಳಸಿ ಹೇಳುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ರುದ್ರೇಶ, ಹೇಳಬೇಡ ಎಂದಿದ್ದವನೇ, ತಡೆಯಲಾರದೆ ಎಲ್ಲವನ್ನೂ ಒದರಿಬಿಟ್ಟ.

"ಅವ್ರು ಕೈ ಬೀಸ್ತಿರ್ಲಿಲ್ವಂತೆ ಅವ್ವ. ಬೈತಿದ್ರಂತೆ. ಕಲ್ಲು ಹೊಡೆದ್ರಂತೆ. ಅಪ್ಪಂಗೆ ಅದು ಗೊತ್ತೇ ಆಗ್ಲಿಲ್ಲ."

ಅವ್ವ ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಯಾಕೆ ಗೊತ್ತಿರ್ಲಿಲ್ಲ? ಗೊತ್ತಿತ್ತು."

"ಏನಂದೆ?"

"ಗೊತ್ತಿತ್ತು ಕಣೋ. ಮದ್ವೆಯಾದ ಹೊಸದ್ರಲ್ಲೇ ನಂಗೆ ಹೇಳಿದ್ರು. ಪಕ್ಕದಲ್ಲಿ ತಮಿಳ್ನೋನು ಒಬ್ಬ ಕೂತಿದ್ನಂತೆ. ಕೆಳಗೆ ನೋಡು, ನಮ್ಮನ್ನ ಬೈತಿದಾರೆ, ಕಲ್ಲು ತೂರ್ತಿದಾರೆ ಅಂದ್ನಂತೆ. ಇವರಿಗೂ ಕಾಣ್ತಿತ್ತಂತೆ."

ರುದ್ರೇಶ ನಿಂತಲ್ಲೇ ನಿಂತಿದ್ದ. "ಮತ್ತೆ ಯಾಕೆ ಬೀಸಿದ್ರಂತೆ?"

"ನಾನೂ ಅದನ್ನೇ ಕೇಳ್ದೆ. ಕೋವಿ ಮಂಡಿ ಸಂದೀಲಿ ಇಟ್ಕೊಂಡಿದ್ದೆ, ಕೈ ಖಾಲಿ ಇತ್ತು, ಬೀಸ್ದೆ ಅಂದ್ರು."

"ನಮಗ್ಯಾಕೆ ಬೇರೆ ಥರ ಹೇಳಿದ್ರು?"

ಅವ್ವ ಈಗ ತಲೆಯೆತ್ತಿದಳು. "ನೀವು ಸಣ್ಣೋರು. ದಿನಾ ಯಾರನ್ನಾದ್ರೂ ಹೊಡೆದೋ, ಹೊಡಿಸ್ಕೊಂಡೋ ಬರ್ತಿದ್ದೆ ನೀನು. ಬೈದ್ರು ಅಂತ ಹೇಳಿದ್ರೆ ನೀನು ಆ ದೇಶದೋರ ಮೇಲೂ ಸಿಟ್ಟು ಇಟ್ಕೊಂತಿದ್ದೆ. ಅವನಿಗೆ ಈ ಊರಿನ ಜಗಳಾನೇ ಸಾಕು ಬಿಡು ಅಂದ್ರು ನಿಮ್ಮಪ್ಪ."

ರುದ್ರೇಶ ಗೋಡೆಯ ಮೇಲಿನ ಅಪ್ಪನ ಫೋಟೊವನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಂಗಡಿಗೆ ಹೋಗಲೆಂದು ಹಾಕಿಕೊಂಡಿದ್ದ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದ. ಅವ್ವನ ಪಕ್ಕ ನೆಲದ ಮೇಲೆ ಕೂತು, ಮೊರದಿಂದ ಒಂದು ಹಿಡಿ ಹುರುಳಿಕಾಯಿ ಎತ್ತಿಕೊಂಡ.

"ಅಲ್ಲಿ ಇಳಿದ ಮೇಲೆ ಏನಾಯ್ತಂತೆ ಅವ್ವ? ಮೊದಲಿಂದ ಹೇಳು."

"ಎಲ್ಲಾ ಒಂದೇ ದಿನಕ್ಕೆ ಆಗಲ್ಲ" ಎಂದಳು ಅವ್ವ. "ಮೊದ್ಲು ಆ ತುದಿ ಸರಿಯಾಗಿ ಮುರಿ. ನಾರು ಹಂಗೇ ಉಳೀತಿದೆ."